ಥಾಯ್ ಪೌರತ್ವ ಬಂದಮೇಲೆ ಭಾರತದ ಪಾಸ್‌ಪೋರ್ಟನ್ನು ಏನು ಮಾಡಬೇಕು?

ಪ್ರಶ್ನೆ: ನಾನು ಸಕಲೇಶಪುರದ ಕಡೆಯವನು. ಹದಿನಾಲ್ಕು ವರ್ಷದಿಂದ ಬ್ಯಾಂಕಾಕ್‌ನಲ್ಲಿದ್ದೇನೆ, ಹೆಂಡತಿ ಥಾಯ್. ಎರಡು ತಿಂಗಳ ಹಿಂದೆ ನನಗೆ ಥಾಯ್ ಪೌರತ್ವ ಸಿಕ್ಕಿತು. ಐಡಿ ಕಾರ್ಡೂ ಪಾಸ್‌ಪೋರ್ಟೂ ಕೈಗೆ ಬಂದಿವೆ. ನನ್ನ ಭಾರತದ ಪಾಸ್‌ಪೋರ್ಟಿಗೆ 2031ರವರೆಗೆ ವ್ಯಾಲಿಡಿಟಿ ಇದೆ. ಆಫೀಸಿನಲ್ಲಿ ಬ್ರಿಟಿಷ್ ಸಹೋದ್ಯೋಗಿಯೊಬ್ಬರು ನನ್ನ ಹಾಗೇ ಥಾಯ್ ಪೌರತ್ವ ಪಡೆದು ಎರಡೂ ಪಾಸ್‌ಪೋರ್ಟ್ ಇಟ್ಟುಕೊಂಡು ಓಡಾಡುತ್ತಾರೆ. ನಾನೂ ಹಾಗೆ ಮಾಡಬಹುದೇ? ದೀಪಾವಳಿಗೆ ಊರಿಗೆ ಹೋಗಬೇಕು. ಅಪ್ಪನ ಹೆಸರಲ್ಲಿ ಕಾಫಿ ತೋಟ ಇದೆ, ಅದು ಮುಂದೆ ನನಗೆ ಬರಬಹುದೇ? ಹತ್ತು ವರ್ಷದ ಮಗನಿಗೆ ಥಾಯ್ ಪಾಸ್‌ಪೋರ್ಟ್ ಮಾತ್ರ ಇದೆ. ಇಲ್ಲಿನ ಬ್ಯಾಂಕು, ಲೈಸೆನ್ಸು ಎಲ್ಲ ಬದಲಾಯಿಸಬೇಕೇ?

ಉತ್ತರ: ಮೊದಲಿಗೆ, ಆ ಭಾರತದ ಪಾಸ್‌ಪೋರ್ಟನ್ನು ಇನ್ನು ಪ್ರಯಾಣಕ್ಕೆಂದು ಯಾವ ಕೌಂಟರಿನಲ್ಲೂ ತೋರಿಸಬೇಡಿ. ಅದರ ಮೇಲೆ ಅಚ್ಚಾಗಿರುವ 2031 ಆ ಪುಸ್ತಕದ ಅವಧಿ ಅಷ್ಟೇ. ನಿಮ್ಮ ಭಾರತೀಯ ಪೌರತ್ವ ಎರಡು ತಿಂಗಳ ಹಿಂದೆಯೇ ಮುಗಿದಿದೆ. ಅದಕ್ಕೆ ಯಾರೂ ಆದೇಶ ಹೊರಡಿಸಬೇಕಿಲ್ಲ, ನೀವು ಅರ್ಜಿ ಹಾಕಬೇಕಾಗಿಯೂ ಇರಲಿಲ್ಲ. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಪಡೆದ ಕ್ಷಣದಿಂದಲೇ ಭಾರತದ ಪೌರರಾಗಿ ಉಳಿಯುವುದಿಲ್ಲ. ನಿಮಗೂ ಸಹೋದ್ಯೋಗಿಗೂ ಇರುವ ವ್ಯತ್ಯಾಸ ಇದೊಂದೇ: ಬ್ರಿಟನ್ ಎರಡು ಪೌರತ್ವವನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಇಬ್ಬರಿಗೂ ಥಾಯ್ಲೆಂಡಿನ ಕಾನೂನು ಒಂದೇ.

"ಪಡೆದ ಕ್ಷಣ" ಯಾವುದು ಎಂಬಲ್ಲಿ ಬಹಳಷ್ಟು ಜನ ಎಡವುತ್ತಾರೆ. ನಿಮ್ಮ ಕಾಗದಗಳಲ್ಲಿ ಕಡಿಮೆಯೆಂದರೆ ನಾಲ್ಕು ತಾರೀಕುಗಳಿರುತ್ತವೆ: ನಿಷ್ಠೆಯ ಪ್ರಮಾಣವಚನ ಮಾಡಿದ ದಿನ, ರಾಜಪತ್ರದಲ್ಲಿ ಹೆಸರು ಪ್ರಕಟವಾದ ದಿನ, ಅಂಫೆ (ಥಾಯ್ಲೆಂಡಿನ ತಾಲ್ಲೂಕು) ಕಚೇರಿಯಲ್ಲಿ ಐಡಿ ಕಾರ್ಡ್ ಮಾಡಿಸಿದ ದಿನ, ಪಾಸ್‌ಪೋರ್ಟ್ ಕೊಟ್ಟ ದಿನ. ಥಾಯ್ ರಾಷ್ಟ್ರೀಯತಾ ಕಾಯ್ದೆ (1965ರದು, ಅವರ ಲೆಕ್ಕದಲ್ಲಿ 2508) 5ನೇ ಸೆಕ್ಷನ್‌ನಲ್ಲಿ ಇದನ್ನು ಸ್ಪಷ್ಟಮಾಡಿದೆ: ರಾಜಪತ್ರದಲ್ಲಿ ಪ್ರಕಟವಾದಾಗ ಪೌರತ್ವ ಜಾರಿಗೆ ಬರುತ್ತದೆ. ಭಾರತದ ಅರ್ಜಿಗಳಲ್ಲಿ "ವಿದೇಶಿ ಪೌರತ್ವ ಪಡೆದ ದಿನಾಂಕ" ಎಂದು ಕೇಳಿದ ಕಡೆ ಬರೆಯಬೇಕಾದದ್ದು ಆ ದಿನವನ್ನೇ. ಪಾಸ್‌ಪೋರ್ಟ್ ಕೊಟ್ಟ ದಿನ ಬರೆದು, ಜೊತೆಗೆ ಲಗತ್ತಿಸಿದ ಪ್ರಮಾಣಪತ್ರದಲ್ಲಿ ಬೇರೆ ದಿನ ಇದ್ದರೆ ಅರ್ಜಿ ವಾಪಸ್ಸು ಬರುತ್ತದೆ. ಇನ್ನೊಂದು ತಪ್ಪು ಇದಕ್ಕಿಂತಲೂ ಸಾಮಾನ್ಯ. ಥಾಯ್ ಕಾಗದದಲ್ಲಿ ವರ್ಷ ಬುದ್ಧಶಕೆಯಲ್ಲಿರುತ್ತದೆ, ನಮ್ಮ ಲೆಕ್ಕಕ್ಕೆ 543 ಕಳೆಯಬೇಕು. 2568 ಅಂದರೆ 2025. ಅನುವಾದಕರು 2568 ಎಂದೇ ಬಿಟ್ಟುಬಿಟ್ಟಿರುತ್ತಾರೆ, ನಾವೂ ನೋಡದೆ ಅಪ್‌ಲೋಡ್ ಮಾಡಿರುತ್ತೇವೆ. ಅನುವಾದ ಕೈಗೆ ಬಂದ ತಕ್ಷಣ ಮೊದಲು ವರ್ಷಗಳ ಮೇಲೆ ಕಣ್ಣಾಡಿಸಿ.

ಅರ್ಜಿ ಇನ್ನೂ ನಡೆಯುತ್ತಿರುವವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಥಾಯ್ ಪೊಲೀಸರ ಸ್ಪೆಷಲ್ ಬ್ರಾಂಚ್ ನಿಮ್ಮಿಂದ "ಪೌರತ್ವ ಸಿಕ್ಕಮೇಲೆ ಹಳೆಯದನ್ನು ಬಿಡುತ್ತೇನೆ" ಎಂದು ಬರೆಸಿಕೊಳ್ಳುತ್ತದೆ. ಅದನ್ನು ನೋಡಿ ಮುಂಚಿತವಾಗಿಯೇ ಭಾರತದ ಪಾಸ್‌ಪೋರ್ಟ್ ಒಪ್ಪಿಸಲು ಓಡಬೇಡಿ. ರಾಜಪತ್ರದಲ್ಲಿ ಹೆಸರು ಬರುವ ತನಕ ನೀವು ಪೂರ್ತಿ ಭಾರತೀಯರೇ. ಅಷ್ಟರವರೆಗೆ ಥಾಯ್ಲೆಂಡಿನಲ್ಲಿ ನಿಮ್ಮ ವಾಸದ ಪರವಾನಗಿ ನಿಂತಿರುವುದೂ ಆ ಪಾಸ್‌ಪೋರ್ಟಿನ ಮೇಲೆಯೇ. ಮಧ್ಯದಲ್ಲಿ ಅವಧಿ ಮುಗಿದರೆ ಎಂಬಸಿಗೆ ಹೋಗಿ ನವೀಕರಿಸಿಕೊಳ್ಳಿ.

ಥಾಯ್ ಕಾನೂನು ಎರಡು ಪಾಸ್‌ಪೋರ್ಟಿನ ಬಗ್ಗೆ ಏನನ್ನುತ್ತದೆ

"ಥಾಯ್ಲೆಂಡ್ ಎರಡು ಪೌರತ್ವ ಒಪ್ಪುತ್ತದೆ" ಎಂದು ಒಬ್ಬರು, "ಒಪ್ಪುವುದಿಲ್ಲ" ಎಂದು ಇನ್ನೊಬ್ಬರು ಹೇಳುವುದನ್ನು ನೀವು ಕೇಳಿರುತ್ತೀರಿ. ಇಬ್ಬರ ಮಾತೂ ಅರ್ಧ ಸರಿ. ಯಾರು, ಯಾವ ದಾರಿಯಲ್ಲಿ ಥಾಯ್ ಆದರು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಹುಟ್ಟಿನಿಂದಲೇ ಥಾಯ್ ಆಗಿದ್ದು, ತಂದೆ ಅಥವಾ ತಾಯಿಯಿಂದ ಇನ್ನೊಂದು ಪೌರತ್ವವೂ ಬಂದ ಮಕ್ಕಳಿಗೆ ತೊಂದರೆಯಿಲ್ಲ. 14ನೇ ಸೆಕ್ಷನ್ ಅವರಿಗೆ ಇಪ್ಪತ್ತು ತುಂಬಿದ ಒಂದು ವರ್ಷದೊಳಗೆ ಬೇಕಿದ್ದರೆ ಥಾಯ್ ಪೌರತ್ವ ಬಿಡುವ ಅವಕಾಶ ಕೊಡುತ್ತದೆ, ಬಿಡದವರ ಪೌರತ್ವ ಕಿತ್ತುಕೊಳ್ಳುವುದಿಲ್ಲ. ಥಾಯ್ ಗಂಡನನ್ನು ಮದುವೆಯಾಗಿ 9ನೇ ಸೆಕ್ಷನ್ ಅಡಿಯಲ್ಲಿ ಪೌರತ್ವ ಪಡೆದ ವಿದೇಶಿ ಹೆಂಗಸರದು ಎರಡನೆಯ ದಾರಿ. ಅವರ ಪೌರತ್ವ ರದ್ದು ಮಾಡುವ ಕಾರಣಗಳು 16ನೇ ಸೆಕ್ಷನ್‌ನಲ್ಲಿವೆ, ಹಳೆಯ ಪೌರತ್ವದ ಬಳಕೆ ಅವುಗಳಲ್ಲಿ ಸೇರಿಲ್ಲ. ಮೂರನೆಯದು ನಿಮ್ಮದು. ಥಾಯ್ ಹೆಂಡತಿಯನ್ನು ಮದುವೆಯಾದ ಗಂಡಸರು ಸಹಜೀಕರಣದ (ನ್ಯಾಚುರಲೈಸೇಶನ್) ಅರ್ಜಿಯನ್ನೇ ಹಾಕಬೇಕು. 2008ರ ತಿದ್ದುಪಡಿ ನಿಮಗೆ ಐದು ವರ್ಷದ ವಾಸ ಮತ್ತು ಭಾಷಾಜ್ಞಾನದ ಷರತ್ತುಗಳಿಂದ ವಿನಾಯಿತಿ ಕೊಟ್ಟಿತು ನಿಜ, ಆದರೆ ಪೌರತ್ವದ ಬಗೆ ಬದಲಾಗಲಿಲ್ಲ. ಹೀಗೆ ಬಂದ ಪೌರತ್ವಕ್ಕೆ 19ನೇ ಸೆಕ್ಷನ್ ಅನ್ವಯಿಸುತ್ತದೆ. ಅರ್ಜಿಯಲ್ಲಿ ಸತ್ಯ ಮುಚ್ಚಿಟ್ಟಿದ್ದರೆ, ದೇಶದ ಭದ್ರತೆಗೆ ಧಕ್ಕೆ ತಂದರೆ, ಹಳೆಯ ಪೌರತ್ವವನ್ನು ಇನ್ನೂ ಬಳಸುತ್ತಿರುವುದಕ್ಕೆ ಸಾಕ್ಷ್ಯ ಸಿಕ್ಕರೆ, ಥಾಯ್ಲೆಂಡಿನಲ್ಲಿ ನೆಲೆಯೇ ಇಲ್ಲದೆ ಐದು ವರ್ಷಕ್ಕಿಂತ ಹೆಚ್ಚು ಹೊರಗೆ ವಾಸಿಸಿದರೆ ಪೌರತ್ವ ರದ್ದು ಮಾಡಬಹುದು ಎಂದು ಅದು ಹೇಳುತ್ತದೆ.

ಆ "ಬಳಸುತ್ತಿರುವುದು" ನಿಮ್ಮ ಸಹೋದ್ಯೋಗಿಗೆ ಅನ್ವಯಿಸುವ ಮಾತು. ಅವರ ಬ್ರಿಟಿಷ್ ಪಾಸ್‌ಪೋರ್ಟ್ ಬ್ರಿಟನ್ನಿನ ಕಣ್ಣಿನಲ್ಲಿ ಜೀವಂತವಾಗಿದೆ. ಅದನ್ನು ಲಂಡನ್ನಿನಲ್ಲಿ ಇಳಿದಾಗ ತೋರಿಸುವುದು ಒಂದು, ಥಾಯ್ಲೆಂಡಿನೊಳಗೆ ತೋರಿಸುವುದು ಇನ್ನೊಂದು. ಎರಡು ಪಾಸ್‌ಪೋರ್ಟಿನವರು ಪಾಲಿಸುವ ಕ್ರಮ ಹೀಗಿದೆ: ಬ್ಯಾಂಕಾಕ್‌ನಿಂದ ಹೊರಡುವಾಗ ವಿಮಾನ ಕಂಪನಿಯ ಚೆಕ್-ಇನ್ ಕೌಂಟರಿನಲ್ಲಿ ಎರಡನ್ನೂ ಕೊಡುತ್ತಾರೆ. ಬ್ರಿಟನ್ನಿಗೆ ಥಾಯ್ ಪ್ರಜೆಗೆ ವೀಸಾ ಬೇಕು, ಬ್ರಿಟಿಷ್ ಪಾಸ್‌ಪೋರ್ಟ್ ಕಾಣದಿದ್ದರೆ ಕೌಂಟರಿನವರು ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಹತ್ತು ಹೆಜ್ಜೆ ಮುಂದೆ ಥಾಯ್ ಇಮಿಗ್ರೇಶನ್‌ನಲ್ಲಿ ಥಾಯ್ ಪಾಸ್‌ಪೋರ್ಟ್ ಮಾತ್ರ. ಲಂಡನ್ನಿನಲ್ಲಿ ಬ್ರಿಟಿಷ್ ಮಾತ್ರ. ವಾಪಸ್ಸು ಬರುವಾಗ ಇದೇ ತಿರುಗುಮುರುಗು. ಥಾಯ್ಲೆಂಡನ್ನು ಯಾವ ಪಾಸ್‌ಪೋರ್ಟಿನಲ್ಲಿ ಬಿಟ್ಟರೋ ಅದರಲ್ಲೇ ಒಳಗೆ ಬರಬೇಕು, ಯಾಕೆಂದರೆ ಇಮಿಗ್ರೇಶನ್ ಕಂಪ್ಯೂಟರ್ ಬರುವುದು ಹೋಗುವುದನ್ನು ಪಾಸ್‌ಪೋರ್ಟ್ ನಂಬರಿಗೆ ಜೋಡಿ ಹಾಕಿ ನೋಡುತ್ತದೆ. ಜೋಡಿ ತಪ್ಪಿದರೆ ಬದಿಯ ಕೋಣೆಗೆ ಕರೆಯುತ್ತಾರೆ.

ಈ ಆಟ ವಿಮಾನದಲ್ಲಿ ಮಾತ್ರ ನಡೆಯುತ್ತದೆ. ನೊಂಗ್ ಖಾಯ್ ಸೇತುವೆ ದಾಟಿ ಲಾವೋಸಿಗೆ ಹೋಗುವ ಕಡೆ, ಸದಾವ್‌ನಲ್ಲಿ ಮಲೇಷ್ಯಾಕ್ಕೆ ದಾಟುವ ಕಡೆ, ಆಚೆಯ ಅಧಿಕಾರಿ ಮೊದಲು ಈಚೆಯ ನಿರ್ಗಮನದ ಮುದ್ರೆ ಹುಡುಕುತ್ತಾನೆ. ಒಂದರಲ್ಲಿ ಮುದ್ರೆ ಹಾಕಿಸಿ ಇನ್ನೊಂದನ್ನು ಚಾಚಿದರೆ ನಡುಸೇತುವೆಯಲ್ಲಿ ನಿಂತಂತೆ. ಹೇಗೂ ಆ ದೇಶಗಳಿಗೆ ಥಾಯ್ ಪಾಸ್‌ಪೋರ್ಟಿಗೆ ವೀಸಾ ಬೇಡ, ಅದೊಂದನ್ನೇ ಬಳಸುವುದು ಸಲೀಸು.

ಸಹೋದ್ಯೋಗಿ ಮಾಡಬಾರದ್ದು ಏನೆಂದರೆ, ಥಾಯ್ಲೆಂಡಿನೊಳಗೆ ವಿದೇಶಿಯಂತೆ ನಡೆದುಕೊಳ್ಳುವುದು. ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಒಳಬಂದು ಪ್ರವಾಸಿ ಮುದ್ರೆ ಹಾಕಿಸಿಕೊಳ್ಳುವುದು, ಅದರಲ್ಲಿ ಬ್ಯಾಂಕ್ ಖಾತೆ ತೆರೆಯುವುದು, ಠಾಣೆಯಲ್ಲಿ ಸಿಕ್ಕಿಬಿದ್ದಾಗ "ನನ್ನ ಎಂಬಸಿಗೆ ಫೋನ್ ಮಾಡಿ" ಎನ್ನುವುದು. ಕೊನೆಯದರಿಂದ ಪ್ರಯೋಜನವೂ ಇಲ್ಲ. ಒಬ್ಬ ವ್ಯಕ್ತಿ ಎರಡು ದೇಶಗಳ ಪ್ರಜೆಯಾಗಿದ್ದರೆ ಒಂದು ದೇಶದ ವಿರುದ್ಧ ಇನ್ನೊಂದು ದೇಶ ರಾಜತಾಂತ್ರಿಕ ರಕ್ಷಣೆ ಕೊಡಲಾಗದು ಎಂಬುದು 1930ರ ಹೇಗ್ ಒಪ್ಪಂದದಿಂದ ಬಂದ ನಿಯಮ.

ನಿಮಗೆ ಈ ತಲೆನೋವು ಯಾವುದೂ ಇಲ್ಲ. ನಿಮ್ಮ ಎರಡನೆಯ ಪುಸ್ತಕಕ್ಕೆ ಜೀವವೇ ಇಲ್ಲವಲ್ಲ.

ಭಾರತದ ಪಾಸ್‌ಪೋರ್ಟ್ ಒಪ್ಪಿಸುವುದು

ಪೌರತ್ವ ಹೋದಮೇಲೆ ಭಾರತದ ಪಾಸ್‌ಪೋರ್ಟ್ ಬಳಸುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ. ವಿದೇಶಿ ಪೌರತ್ವ ಬಂದಮೇಲೆ ಅದರಲ್ಲಿ ಎಷ್ಟು ಸಲ ಪ್ರಯಾಣ ಮಾಡಿದಿರಿ, ನವೀಕರಣ ಮಾಡಿಸಿಕೊಂಡಿರಾ, ವರ್ಷಗಟ್ಟಲೆ ಇಟ್ಟುಕೊಂಡಿರಾ ಎಂದು ನೋಡಿ ಎಂಬಸಿ ಹಂತ ಹಂತವಾಗಿ ದಂಡ ಹಾಕುತ್ತದೆ. ಈ ಎರಡು ತಿಂಗಳಲ್ಲಿ ನೀವು ಅದರಲ್ಲಿ ಒಂದು ಸಿಂಗಪುರ ಪ್ರವಾಸ ಮಾಡಿದ್ದರೂ ಅರ್ಜಿಯಲ್ಲಿ ಹೇಳಿಬಿಡಿ. ಮುದ್ರೆಗಳು ಪುಸ್ತಕದಲ್ಲೇ ಇರುತ್ತವೆ, ಮುಚ್ಚಿಟ್ಟು ಗೆಲ್ಲುವುದೇನಿಲ್ಲ.

ಕೆಲಸ ಆನ್‌ಲೈನ್ ಅರ್ಜಿಯಿಂದ ಶುರುವಾಗಿ ಸುಖುಂವಿತ್ ಸೊಯ್ 23ರ ರಾಯಭಾರ ಕಚೇರಿಯ ವ್ಯವಸ್ಥೆಯಲ್ಲಿ ಮುಗಿಯುತ್ತದೆ. ಮೂಲ ಪಾಸ್‌ಪೋರ್ಟ್, ಥಾಯ್ ಪೌರತ್ವದ ಪ್ರಮಾಣಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ, ಥಾಯ್ ಪಾಸ್‌ಪೋರ್ಟಿನ ಪ್ರತಿ, ಫೋಟೊ ಬೇಕು. ಅನುವಾದಕ್ಕೆ ಚೇಂಗ್ ವತ್ತನದ ಥಾಯ್ ವಿದೇಶಾಂಗ ಇಲಾಖೆಯ ದೃಢೀಕರಣ ಮುದ್ರೆ ಹಾಕಿಸಿಟ್ಟುಕೊಳ್ಳಿ, ಮುಂದೆ ಓಸಿಐಗೂ (ಭಾರತ ಮೂಲದ ವಿದೇಶಿಯರಿಗೆ ಸಿಗುವ "ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ" ಕಾರ್ಡ್) ಅದೇ ಬೇಕಾಗುತ್ತದೆ. ಪಾಸ್‌ಪೋರ್ಟ್ ಕೊಡುವ ಮುಂಚೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಖಾಲಿ ಪುಟಗಳನ್ನೂ ಬಿಡದೆ, ಕಲರ್ ಸ್ಕ್ಯಾನ್ ಮಾಡಿ. ಕ್ಯಾನ್ಸಲ್ ಮುದ್ರೆ ಹಾಕಿ ಪುಸ್ತಕ ವಾಪಸ್ಸು ಕೊಡುತ್ತಾರೆ, ಜೊತೆಗೆ ಸರೆಂಡರ್ ಸರ್ಟಿಫಿಕೇಟ್. ಆ ಸರ್ಟಿಫಿಕೇಟಿಲ್ಲದೆ ಓಸಿಐ ಅರ್ಜಿ ಮುಂದೆ ಹೋಗುವುದಿಲ್ಲ.

ಓಸಿಐ ಎಂಬ ಹೆಸರಿನಲ್ಲಿ "ಸಿಟಿಜನ್" ಇದ್ದರೂ ಅದು ಪೌರತ್ವವಲ್ಲ. ಪೌರತ್ವ ಕಾಯ್ದೆಯ 7ಎ ಸೆಕ್ಷನ್ ಅಡಿ ವಿದೇಶಿಯೊಬ್ಬರ ನೋಂದಣಿ, ಬಳಕೆಯಲ್ಲಿ ಅದು ಜೀವನಪೂರ್ತಿ ವೀಸಾ. ಹಾಗಾಗಿ ಥಾಯ್ಲೆಂಡಿನ 19ನೇ ಸೆಕ್ಷನ್‌ಗೆ ಅದು ತಗಲುವುದಿಲ್ಲ. ಆದರೂ ನೀಲಿ ಪುಸ್ತಕ ನೋಡಿದ ಥಾಯ್ ಅಧಿಕಾರಿ "ಇದೇನು, ಭಾರತದ ಪಾಸ್‌ಪೋರ್ಟಾ?" ಎಂದು ಕೇಳಿದರೆ "ವೀಸಾ" ಎಂದಷ್ಟೇ ಹೇಳಿ, ಹೆಚ್ಚು ವಿವರಿಸಲು ಹೋದಷ್ಟೂ ಗೊಂದಲ. ಯಾವ ಥಾಯ್ ಅರ್ಜಿಯಲ್ಲೂ ರಾಷ್ಟ್ರೀಯತೆಯ ಕಾಲಂನಲ್ಲಿ ಥಾಯ್ ಎಂದು ಮಾತ್ರ ಬರೆಯಿರಿ.

ಅರ್ಜಿ ಶುಲ್ಕ 275 ಡಾಲರ್‌ಗೆ ಸಮನಾದ ಬಾತ್. ಫೋಟೊ ಚೌಕವಾಗಿರಬೇಕು, ಸಹಿಯ ಚಿತ್ರ ಅಗಲ ಮೂರು ಪಾಲು, ಎತ್ತರ ಒಂದು ಪಾಲು. ಸಹಿ ಭಾರತದ ಪಾಸ್‌ಪೋರ್ಟಿನಲ್ಲಿ ಒಂದು, ಥಾಯ್ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಥಾಯ್ ಪಾಸ್‌ಪೋರ್ಟಿನದನ್ನೇ ಹಾಕಿ. ನಿಜವಾದ ತೊಡಕು ಹೆಸರಿನದು.

ಹೆಸರು

ನಮ್ಮ ಕಡೆಯ ಹೆಸರುಗಳು ಊರು, ಅಪ್ಪನ ಹೆಸರು, ಇನಿಶಿಯಲ್ಲು ಎಂದು ಹೊಂದಿಕೊಂಡು ಬಂದವು. ಎಚ್.ಕೆ. ಮಂಜುನಾಥ ಎಂಬವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಇರುತ್ತದೆ, ಭಾರತದ ಪಾಸ್‌ಪೋರ್ಟಿನಲ್ಲಿ ಅದು ಹಿಗ್ಗಿ ಊರಿನ ಹೆಸರು ಉಪನಾಮವಾಗಿರುತ್ತದೆ. ಥಾಯ್ ಕಡತಕ್ಕೆ ಅದು ಥಾಯ್ ಅಕ್ಷರದಲ್ಲಿ ಹೋಗುತ್ತದೆ. ಅಲ್ಲಿಂದ ಮತ್ತೆ ಅವರ ನಿಯಮದಂತೆ ರೋಮನ್ ಅಕ್ಷರಕ್ಕೆ ತಿರುಗಿಸಿದರೆ "ಮಂಜುನಾಥ" ಹೋಗಿ "ಮಂಚುನಾತ್" ಆಗಿ ಹೊರಬರುತ್ತದೆ: ಅವರ ಲಿಪ್ಯಂತರದಲ್ಲಿ ಜ-ಕಾರವಿಲ್ಲ, ಪದದ ಕೊನೆಯ ಥ-ಕಾರವೂ ತ್ ಆಗುತ್ತದೆ. ಐಡಿ ಕಾರ್ಡಿನ ರೋಮನ್ ಹೆಸರೇ ಪಾಸ್‌ಪೋರ್ಟಿಗೆ ಹೋಗುವುದರಿಂದ, ಅಂಫೆಯಲ್ಲಿ ಕಾರ್ಡ್ ಅಚ್ಚು ಹಾಕುವ ಮುಂಚೆ ಪರದೆಯ ಮೇಲೆ ಅಕ್ಷರಗಳನ್ನು ಹಳೆಯ ಪಾಸ್‌ಪೋರ್ಟಿನ ಜೊತೆ ಹೋಲಿಸಿ ನೋಡಬೇಕಿತ್ತು. ನಿಮ್ಮದರಲ್ಲಿ ವ್ಯತ್ಯಾಸ ಆಗಿದ್ದರೆ ಓಸಿಐ ಅರ್ಜಿಗೆ ಮುಂಚೆಯೇ ಅಂಫೆಗೆ ಹೋಗಿ ತಿದ್ದಿಸಿ, ಪಾಸ್‌ಪೋರ್ಟನ್ನೂ ಮರುಮುದ್ರಿಸಿಕೊಳ್ಳಿ. ಐದು ವರ್ಷದ್ದಕ್ಕೆ 1,000 ಬಾತ್, ಹತ್ತು ವರ್ಷದ್ದಕ್ಕೆ 1,500 ಬಾತ್. ಮುಂದೆ ಎರಡು ದೇಶಗಳ ಬ್ಯಾಂಕುಗಳ ಮುಂದೆ ಅಫಿಡವಿಟ್ಟು ಹಿಡಿದು ನಿಲ್ಲುವುದಕ್ಕಿಂತ ಅಗ್ಗ.

ಹೊಸ ಥಾಯ್ ಉಪನಾಮವನ್ನೇ ಆರಿಸಿಕೊಂಡಿದ್ದರೆ (ಬೇರೆ ಯಾರೂ ಇಟ್ಟುಕೊಂಡಿರದ, ಹತ್ತು ವ್ಯಂಜನ ಮೀರದ ಹೆಸರಾಗಬೇಕು ಎಂಬುದು ಅವರ 1962ರ ಹೆಸರು ಕಾಯ್ದೆಯ ನಿಯಮ) ಹೆಸರು ಬದಲಾವಣೆಯ ಪ್ರಮಾಣಪತ್ರದ ಅನುವಾದವನ್ನು ಅರ್ಜಿಗೆ ಸೇರಿಸಿ. ಊರಿನ ತೋಟದ ಕಾಗದಕ್ಕೂ ಒಂದು ದಿನ ಅದು ಬೇಕಾಗುತ್ತದೆ.

ದೀಪಾವಳಿಗೆ ಹೋಗುವುದು ಹೇಗೆ

ಅಷ್ಟರೊಳಗೆ ಓಸಿಐ ಬರುತ್ತದೆಂದು ನಂಬಿ ಟಿಕೆಟ್ ಮಾಡಬೇಡಿ. ಥಾಯ್ ಪಾಸ್‌ಪೋರ್ಟಿನ ಮೇಲೆ ಭಾರತದ ಇ-ವೀಸಾ ತೆಗೆದುಕೊಳ್ಳಿ. ಅರ್ಜಿಯಲ್ಲಿ ಪೌರತ್ವ ಹುಟ್ಟಿನಿಂದ ಬಂದದ್ದೋ ಸಹಜೀಕರಣದಿಂದಲೋ, ಹಿಂದಿನ ರಾಷ್ಟ್ರೀಯತೆ ಯಾವುದು, ಬೇರೆ ಪಾಸ್‌ಪೋರ್ಟ್ ಇದೆಯೇ ಎಂದು ಕೇಳುತ್ತಾರೆ. ಎಲ್ಲಕ್ಕೂ ಇದ್ದದ್ದು ಇದ್ದಂತೆ ಬರೆಯಿರಿ. ಥಾಯ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳವೂ ಅಚ್ಚಾಗಿರುವುದರಿಂದ ಮುಚ್ಚಿಡಲು ಹೋದರೆ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತದೆ. ವೀಸಾ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಕೈಯಲ್ಲಿಟ್ಟುಕೊಳ್ಳುವುದು ಜಾಣತನ. ಜೀವಂತದಂತೆ ಕಾಣುವ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಭಾರತದ ವೀಸಾ ಯಾಕೆ ಎಂಬ ಪ್ರಶ್ನೆಯಲ್ಲೇ ಎಷ್ಟೋ ಅರ್ಜಿಗಳು ಸಿಕ್ಕಿಕೊಳ್ಳುತ್ತವೆ.

ಹೊರಡುವ ಮುಂಚೆ ಇನ್ನೊಂದು ಕೆಲಸ ಇಲ್ಲಿಯೇ ಬಾಕಿಯಿದೆ. ಥಾಯ್ ಇಮಿಗ್ರೇಶನ್ ದಾಖಲೆಯಲ್ಲಿ ನೀವು ಕೊನೆಯ ಸಲ ಒಳಗೆ ಬಂದದ್ದು ಭಾರತದ ಪಾಸ್‌ಪೋರ್ಟಿನಲ್ಲಿ, ವಾಸದ ಅವಧಿ ವಿಸ್ತರಿಸಿಕೊಂಡ ವಿದೇಶಿಯಾಗಿ. ಪೌರತ್ವದ ಪ್ರಮಾಣಪತ್ರ, ಐಡಿ ಕಾರ್ಡು, ಎರಡೂ ಪಾಸ್‌ಪೋರ್ಟ್ ಹಿಡಿದು ಇಮಿಗ್ರೇಶನ್ ಕಚೇರಿಗೆ ಹೋಗಿ ಆ ವಾಸದ ಪರವಾನಗಿಯನ್ನು ಕೊನೆಗೊಳಿಸಿಕೊಳ್ಳಿ. ವರ್ಕ್ ಪರ್ಮಿಟನ್ನು ಕಂಪನಿಯ ಮೂಲಕ ಕಾರ್ಮಿಕ ಇಲಾಖೆಗೆ ಹಿಂದಿರುಗಿಸಿ. ಇದನ್ನು ಎಂಬಸಿಗೆ ಪಾಸ್‌ಪೋರ್ಟ್ ಕೊಡುವ ಮುಂಚೆ ಮಾಡಬೇಕು, ಯಾಕೆಂದರೆ ಆ ಮುದ್ರೆಗಳಿರುವುದು ಆ ಪುಸ್ತಕದಲ್ಲೇ. ಅನೇಕರು ಇದನ್ನು ಬಿಟ್ಟು ನೇರ ಸುವರ್ಣಭೂಮಿ ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ. ಥಾಯ್ ಪ್ರಜೆಗಳ ಆಟೊಮ್ಯಾಟಿಕ್ ಗೇಟ್ ತೆರೆಯದೆ ನಿಲ್ಲುತ್ತಾರೆ, ಪ್ರಮಾಣಪತ್ರ ಮನೆಯ ಬೀರುವಿನಲ್ಲಿರುತ್ತದೆ. ಮೊದಲ ಪ್ರಯಾಣಕ್ಕೆ ಗೇಟಿನ ಆಸೆ ಬಿಟ್ಟು ಅಧಿಕಾರಿ ಕುಳಿತಿರುವ ಕೌಂಟರಿಗೇ ಹೋಗಿ, ಪ್ರಮಾಣಪತ್ರದ ಪ್ರತಿ ಕೈಚೀಲದಲ್ಲಿರಲಿ, ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಓಸಿಐ ಬಂದಮೇಲೆ ಎಲ್ಲ ಸರಳ. ಟಿಕೆಟ್ ಥಾಯ್ ಪಾಸ್‌ಪೋರ್ಟಿನ ಹೆಸರಲ್ಲಿ. ಚೆಕ್-ಇನ್‌ನಲ್ಲಿ ಅದೂ ಓಸಿಐಯೂ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಎರಡನ್ನೂ ತೋರಿಸಿದರೆ ಮುದ್ರೆ ಥಾಯ್ ಪಾಸ್‌ಪೋರ್ಟಿನಲ್ಲಿ ಬೀಳುತ್ತದೆ. ಭಾರತೀಯರಿಗೂ ಓಸಿಐ ಇರುವವರಿಗೂ ಇರುವ ಫಾಸ್ಟ್ ಟ್ರ್ಯಾಕ್ ಇಮಿಗ್ರೇಶನ್ ಯೋಜನೆ 2024ರಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂದಿದೆ. ವರ್ಷಕ್ಕೆ ಎರಡು ಸಲ ಹೋಗುವವರಾದರೆ ನೋಂದಾಯಿಸಿಕೊಳ್ಳಿ. ಬ್ಯಾಂಕಾಕ್‌ಗೆ ಹಿಂದಿರುಗುವಾಗ, 2025ರ ಮೇ 1ರಿಂದ ವಿದೇಶಿಯರು ತುಂಬಬೇಕಾದ ಡಿಜಿಟಲ್ ಆಗಮನ ಕಾರ್ಡ್ ನಿಮಗೆ ಬೇಡ. ಅಭ್ಯಾಸಬಲದಿಂದ ತುಂಬಿಬಿಡಬೇಡಿ.

ಹೆಂಡತಿ ಮತ್ತು ಮಗ

ಹೆಂಡತಿಗೂ ಓಸಿಐ ಸಿಗುತ್ತದೆ, ಮದುವೆ ನೋಂದಣಿಯಾಗಿ ಎರಡು ವರ್ಷ ಆಗಿರಬೇಕು. ಆದರೆ ನೀವು ಈಗ ಭಾರತೀಯರಲ್ಲ, ಆದ್ದರಿಂದ ಅವರ ಅರ್ಹತೆ ನಿಂತಿರುವುದು ನಿಮ್ಮ ಓಸಿಐ ಮೇಲೆ. ನಿಮ್ಮದು ಬಂದಮೇಲೆ ಅವರದು ಹಾಕಿ. ಅವರು ಹೊಸ ಪಾಸ್‌ಪೋರ್ಟ್ ಪಡೆದಾಗಲೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿ, ಹೊಸ ಫೋಟೊ ಮತ್ತು ಮದುವೆ ಮುಂದುವರಿದಿದೆ ಎಂಬ ಘೋಷಣೆ ಅಪ್‌ಲೋಡ್ ಮಾಡಬೇಕು. ಮಗನಿಗೆ ಈಗಲೇ ಮಾಡಿಸಬಹುದು. ಅವನು ಇಪ್ಪತ್ತು ದಾಟಿ ಹೊಸ ಪಾಸ್‌ಪೋರ್ಟ್ ಪಡೆದಾಗ ಒಂದು ಸಲ ಓಸಿಐ ಹೊಸದಾಗಿ ಮಾಡಿಸಬೇಕು.

ಮಗನ ವಿಷಯದಲ್ಲಿ ಭಾರತಕ್ಕಿಂತ ಥಾಯ್ ಸೇನೆಯ ಚೀಟಿ ಮುಖ್ಯ. ಥಾಯ್ ಹುಡುಗರು ಹದಿನೇಳು ತುಂಬಿ ಹದಿನೆಂಟಕ್ಕೆ ಕಾಲಿಡುವ ವರ್ಷ ಅಂಫೆಯಲ್ಲಿ ಹೆಸರು ಬರೆಸಬೇಕು. ಇಪ್ಪತ್ತೊಂದರ ವರ್ಷ ಏಪ್ರಿಲ್‌ನಲ್ಲಿ ಚೀಟಿ ಎತ್ತುವುದು: ಕೆಂಪು ಬಂದರೆ ಸೇನೆ, ಕಪ್ಪು ಬಂದರೆ ಮನೆ. ಹೈಸ್ಕೂಲಿನಲ್ಲಿ ಮೂರು ವರ್ಷದ ರೊ-ದೊ (ವಿದ್ಯಾರ್ಥಿಗಳ ಮೀಸಲು ಸೇನೆ) ತರಬೇತಿ ಮುಗಿಸಿದವರಿಗೆ ಈ ಲಾಟರಿ ಇಲ್ಲ. ಬೆಂಗಳೂರಿನಲ್ಲಿ ಕಾಲೇಜಿಗೆ ಸೇರಿಸುವ ಯೋಚನೆಯಿದ್ದರೆ ವಿದ್ಯಾಭ್ಯಾಸದ ಮುಂದೂಡಿಕೆಗೆ ಮೊದಲೇ ಅರ್ಜಿ ಕೊಡಿ, ಗೈರುಹಾಜರಾದರೆ ಅದು ಕ್ರಿಮಿನಲ್ ಪ್ರಕರಣ.

ತೋಟ

2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾಯಿತು. ಅದನ್ನು ಓದಿಕೊಂಡು "ಓಸಿಐ ಇದ್ದರೆ ನಾನೂ ಕೊಳ್ಳಬಹುದು" ಎಂದುಕೊಳ್ಳುವವರು ಬಹಳ. ಆಗುವುದಿಲ್ಲ. ವಿದೇಶಿ ವಿನಿಮಯದ ಫೆಮಾ ನಿಯಮ ಬೇರೆ, ಅದು ರಾಜ್ಯದ ಕಾಯ್ದೆಯ ಮೇಲೆ ಕೂರುತ್ತದೆ. ಓಸಿಐ ಇರುವವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನಪತ್ರದಲ್ಲಿ ಪಡೆಯುವಂತೆಯೂ ಇಲ್ಲ. ಬೆಂಗಳೂರಿನ ಫ್ಲ್ಯಾಟು, ಹಾಸನದ ಸೈಟು ಕೊಳ್ಳಬಹುದು.

ನಿಮ್ಮ ಪ್ರಶ್ನೆಗೆ ಇದರಲ್ಲೇ ಉತ್ತರವಿದೆ. ವಾರಸಿಕೆಯಿಂದ ಬರುವ ತೋಟಕ್ಕೆ ತಡೆಯಿಲ್ಲ. ಅಪ್ಪ ಬದುಕಿರುವಾಗಲೇ "ಮಗನ ಹೆಸರಿಗೆ ಮಾಡಿಬಿಡೋಣ" ಎಂದು ದಾನಪತ್ರ ಬರೆದರೆ ನಿಯಮ ಉಲ್ಲಂಘನೆ. ಅದೇ ತೋಟಕ್ಕೆ ಅವರು ಉಯಿಲು ಬರೆದಿಟ್ಟು ಮುಂದೆ ಪೌತಿ ಖಾತೆಯಲ್ಲಿ ನಿಮ್ಮ ಹೆಸರು ಪಹಣಿಗೆ ಬಂದರೆ ಸರಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಲಹೆ ಕೊಡುವವರು ದಾನಪತ್ರದ ಸ್ಟ್ಯಾಂಪ್ ಡ್ಯೂಟಿ ಕಡಿಮೆ ಎಂದು ಅದರ ಕಡೆಗೇ ಎಳೆಯುತ್ತಾರೆ, ಫೆಮಾ ಅವರ ತಲೆನೋವಲ್ಲ. ನೀವು ಮುಂದೆ ಮಾರುವುದಾದರೆ ಕೊಳ್ಳುವವರು ಭಾರತದಲ್ಲಿ ವಾಸಿಸುವ ಭಾರತೀಯರೇ ಆಗಿರಬೇಕು. ಹಣ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಗೆ ಬಂದು, ಅಲ್ಲಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು.

ಆ ಖಾತೆಗಳ ಬಗ್ಗೆ: ಬ್ಯಾಂಕಿಗೆ ಹೊಸ ರಾಷ್ಟ್ರೀಯತೆ ತಿಳಿಸಿ ಥಾಯ್ ಪಾಸ್‌ಪೋರ್ಟ್ ಮತ್ತು ಓಸಿಐ ಪ್ರತಿ ಕೊಡಿ, ಖಾತೆಗಳು ಮುಂದುವರಿಯುತ್ತವೆ. ಪ್ಯಾನ್ ಇರಲಿ, ವಿವರ ತಿದ್ದಿಸಿ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಫಾರಂ 7 ಕೊಟ್ಟು ತೆಗೆಸಿ. ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎನ್ನುವವರಿದ್ದಾರೆ, ಆದರೆ ಆ ಹೆಸರಿನಲ್ಲಿ ಬೇರೆ ಯಾರೋ ಒತ್ತಿದ ಮತಕ್ಕೆ ನೀವು ಉತ್ತರ ಕೊಡಬೇಕಾದೀತು.

ಬ್ಯಾಂಕಾಕ್‌ನ ದಿನನಿತ್ಯ

ಇಲ್ಲಿ ಎಲ್ಲಕ್ಕೂ ಬುಡ ನಿಮ್ಮ ಐಡಿ ಕಾರ್ಡಿನ ಹದಿಮೂರು ಅಂಕಿಯ ಸಂಖ್ಯೆ. ವಿದೇಶಿಯರಿಗೆ ಕೊಡುವ ಹಳದಿ ಮನೆಪುಸ್ತಕದ (ವಿಳಾಸ ನೋಂದಣಿ ಪುಸ್ತಕ) ಕಾಲದಲ್ಲಿ ಅವರದೇ ಗುಲಾಬಿ ಗುರುತಿನ ಕಾರ್ಡ್ ಇದ್ದಿದ್ದರೆ ಅದರ ಸಂಖ್ಯೆ 6ರಿಂದ ಶುರುವಾಗುತ್ತಿತ್ತು. ಸಹಜೀಕರಣದಿಂದ ಪೌರರಾದವರದು 8ರಿಂದ ಶುರು. ಬ್ಯಾಂಕು, ತೆರಿಗೆ ಇಲಾಖೆ, ಸಾಮಾಜಿಕ ಭದ್ರತೆ, ಮೊಬೈಲ್ ಸಿಮ್ಮು, ಡ್ರೈವಿಂಗ್ ಲೈಸೆನ್ಸು, ಗಾಡಿಯ ನೋಂದಣಿಯ ನೀಲಿ ಪುಸ್ತಕ ಎಲ್ಲ ಕಡೆ ನೀವು ಇನ್ನೂ ಹಳೆಯ ಸಂಖ್ಯೆಯವರೋ ಪಾಸ್‌ಪೋರ್ಟ್ ನಂಬರಿನವರೋ ಆಗಿಯೇ ಇದ್ದೀರಿ. ಬದಲಿಸುವ ಕ್ರಮ ಮುಖ್ಯ: ಮೊದಲು ಸಿಮ್ಮು, ಆಮೇಲೆ ಬ್ಯಾಂಕು, ಕೊನೆಗೆ ಪ್ರಾಂಪ್ಟ್‌ಪೇ (ನಮ್ಮ ಯುಪಿಐನಂಥ ಹಣ ಪಾವತಿ ವ್ಯವಸ್ಥೆ). ಸಿಮ್ಮಿನ ಮಾಲೀಕತ್ವವೂ ಖಾತೆಯ ಗುರುತೂ ಹೊಂದದಿದ್ದರೆ ಮೊಬೈಲ್ ಬ್ಯಾಂಕಿಂಗ್ ನಿಂತುಹೋಗಬಹುದು. ಶಾಖೆಗೆ ಹೋಗುವಾಗ ಹಳೆಯ ಪಾಸ್‌ಪೋರ್ಟಿನ ಸ್ಕ್ಯಾನ್ ಒಯ್ಯಿರಿ, ಹಳೆಯ ಗ್ರಾಹಕನೂ ನೀವೇ ಎಂದು ಅವರಿಗೆ ತೋರಿಸಬೇಕಲ್ಲ. ಕಂಪನಿಯ ಎಚ್ಆರ್‌ಗೂ ಹೊಸ ಸಂಖ್ಯೆ ಕೊಡಿ, ಇಲ್ಲದಿದ್ದರೆ ಈ ವರ್ಷದ ತೆರಿಗೆ ಕಡಿತ ಎರಡು ಸಂಖ್ಯೆಗಳಲ್ಲಿ ಹಂಚಿಹೋಗುತ್ತದೆ.

ತೆರಿಗೆ ಪೌರತ್ವ ನೋಡುವುದಿಲ್ಲ, ವಾಸ ನೋಡುತ್ತದೆ. ವರ್ಷದಲ್ಲಿ 180 ದಿನ ಇಲ್ಲಿದ್ದರೆ ನೀವು ತೆರಿಗೆಯ ಮಟ್ಟಿಗೆ ನಿವಾಸಿ. 2024ರ ಜನವರಿಯಿಂದ ಗಳಿಸಿದ ವಿದೇಶಿ ಆದಾಯವನ್ನು ಒಳಗೆ ತಂದಾಗ ತೆರಿಗೆ ಲೆಕ್ಕ ಬರುತ್ತದೆ. ಬೆಂಗಳೂರಿನ ಬಾಡಿಗೆ ಹಣ ತರುವುದಾದರೆ ಭಾರತದಲ್ಲಿ ಕಟ್ಟಿದ ತೆರಿಗೆಯ ಕಾಗದ ಇಟ್ಟುಕೊಳ್ಳಿ, ಎರಡು ದೇಶಗಳ ನಡುವೆ ಒಪ್ಪಂದವಿದೆ.

ಭೂಮಿ ಕೊಳ್ಳುವುದರಲ್ಲಿ ಮಾತ್ರ ಬದಲಾವಣೆ ದೊಡ್ಡದು. ಇಷ್ಟು ದಿನ ಹೆಂಡತಿ ಜಾಗ ಕೊಂಡರೆ, ಹಣ ಅವರ ಸ್ವಂತದ್ದು, ನನಗೆ ಪಾಲಿಲ್ಲ ಎಂದು ಲ್ಯಾಂಡ್ ಆಫೀಸಿನಲ್ಲಿ ನೀವು ಸಹಿ ಹಾಕಬೇಕಿತ್ತು. ಇನ್ನು ಗರುಡನ ಮುದ್ರೆಯ ಚನೋತ್ ಎಂಬ ಹಕ್ಕುಪತ್ರದಲ್ಲಿ ನಿಮ್ಮ ಹೆಸರೇ ಬರಬಹುದು. ಮತ ಹಾಕಲು ಮಾತ್ರ ಪೌರತ್ವ ಬಂದು ಐದು ವರ್ಷ ಆಗಿರಬೇಕು. ಖಾವೊ ಯಾಯ್ ಉದ್ಯಾನದ ಬಾಗಿಲಲ್ಲಿ ವಿದೇಶಿಯರ ದರ ಕೇಳಿದರೆ ಐಡಿ ಕಾರ್ಡ್ ತೋರಿಸಿ, ಮುಖ ನೋಡಿ ಅನುಮಾನಿಸುವವರು ಕಾರ್ಡ್ ನೋಡಿ ಒಪ್ಪುತ್ತಾರೆ. ಕಾರ್ಡಿನ ಅವಧಿ ಎಂಟು ವರ್ಷ.

ತೊಂಬತ್ತು ದಿನಕ್ಕೊಮ್ಮೆ ಇಮಿಗ್ರೇಶನ್‌ಗೆ ವರದಿ ಮಾಡುವ ಟಿಎಂ47 ನಿಮಗೆ ಮುಗಿಯಿತು. ಟಿಎಂ30 ಮುಗಿಯಲಿಲ್ಲ, ಪಾತ್ರ ಬದಲಾಯಿತು ಅಷ್ಟೇ. ವಿದೇಶಿಯೊಬ್ಬರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ತಿಳಿಸಬೇಕಾದವರು ಮನೆಯ ಯಜಮಾನರು. ಅಪ್ಪ ಅಮ್ಮ ಸಕಲೇಶಪುರದಿಂದ ಬಂದ ರಾತ್ರಿ ಊಟ ಬಡಿಸಿ ಮುಗಿದಮೇಲೆ, ಅವರ ಪಾಸ್‌ಪೋರ್ಟಿನ ಫೋಟೊ ತೆಗೆದು ಆ ಫಾರಂ ತುಂಬುವ ಕೆಲಸ ಇನ್ನು ನಿಮ್ಮದು.